ಪಡಸಾಲೆಯ ಮಾತು: ಸಿಗಾರಿನ ರುಚಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಕಾಫಿಯ ಹದವನ್ನೋ, ಉಪ್ಪಿನಕಾಯಿಯ ಬಾಳಿಕೆಯನ್ನೋ, ಹಳೆಯ ಅಕ್ಕಿಯ ಗುಣವನ್ನೋ ಕುರಿತವಾಗಿರುತ್ತವೆ. ಈ ತಿಂಗಳು ವೈಟ್‌ಫೀಲ್ಡಿನಿಂದ ಬಂದಿರುವ ಪತ್ರವೊಂದು ಬೇರೆ ಜಾತಿಯದು. ಬರೆದಿರುವ ಸಹೋದರಿಯವರು ಮಗಳ ಬಾಣಂತನಕ್ಕಾಗಿ ಹಾಸನದ ಕಡೆಯಿಂದ ಬಂದು, ಅಲ್ಲಿನ ಬಹು ಅಂತಸ್ತಿನ ವಸತಿಯೊಂದರಲ್ಲಿ ಇದ್ದಾರೆ. ಅಳಿಯಂದಿರು ಕಂಪ್ಯೂಟರ್ ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಯವರು. ಮಗು ಹುಟ್ಟಿದ ಸಂತೋಷಕ್ಕೆಂದು ಅವರ ಸ್ನೇಹಿತರು ಪರದೇಶದಿಂದ ಒಂದು ಪೆಟ್ಟಿಗೆ ಸಿಗಾರು ತಂದು ಉಡುಗೊರೆ ಕೊಟ್ಟಿದ್ದಾರೆ. “ಅತ್ತೆ, ಇದು ಸಿಗರೇಟಿನ ಹಾಗೆ ಚಟವಲ್ಲ. ಕಾಫಿಯ ರುಚಿ ನೋಡುವಂತೆ ಇದೂ ಒಂದು ಕಲೆ. ಇದು ‘ಮೀಡಿಯಂ-ಫುಲ್’ ದರ್ಜೆಯದು” ಎಂದು ಅಳಿಯಂದಿರು ವಿವರಿಸಿದರಂತೆ. ಸಹೋದರಿಯವರ ಪ್ರಶ್ನೆಗಳು ಮೂರು. ಆ ದರ್ಜೆಯೆಂದರೇನು? ಪೆಟ್ಟಿಗೆಯನ್ನು ಮನೆಯಲ್ಲಿ ಎಲ್ಲಿಡಬೇಕು? ಇದು ನಿಜವಾಗಿಯೂ ಕಲೆಯೋ, ಅಥವಾ ಚಟಕ್ಕೆ ಹೊದಿಸಿದ ಜರತಾರಿ ಶಾಲೋ?

ಮೂರನೆಯ ಪ್ರಶ್ನೆಯೇ ಮುಖ್ಯವಾದುದು. ಆದರೆ ಮೊದಲಿನ ಎರಡನ್ನು ಚೆನ್ನಾಗಿ ತಿಳಿಯದೆ ಅದಕ್ಕೆ ಉತ್ತರ ಹೇಳುವುದು ನ್ಯಾಯವಲ್ಲ. ರುಚಿ ನೋಡುವ ವಿದ್ಯೆ ನಮ್ಮ ಜನಕ್ಕೆ ಹೊಸತೇನೂ ಅಲ್ಲ. ಡಿಕಾಕ್ಷನ್ನಿಗೆ ಚಿಕೋರಿ ಎಷ್ಟು ಬಿದ್ದಿದೆಯೆಂದು ಒಂದೇ ಗುಟುಕಿನಲ್ಲಿ ಹೇಳಬಲ್ಲ ಹಿರಿಯರು ಪ್ರತಿ ಮನೆಯಲ್ಲಿಯೂ ಉಂಟು. ಮೈಸೂರು ಚಿಗುರೆಲೆಯನ್ನೂ ಬೇರೆ ತೋಟದ ಎಲೆಯನ್ನೂ ಬೆರಳ ತುದಿಯಿಂದಲೇ ಬೇರ್ಪಡಿಸುವ ಅಜ್ಜಿಯರು ಇದ್ದರು. ಎಲೆಯೊಂದರ ಗುಣದೋಷಗಳನ್ನು ವಿವೇಚಿಸುವುದು ಅಗ್ಗದ ಕೆಲಸವಲ್ಲ. ಆದ್ದರಿಂದ ಅಳಿಯಂದಿರ ಮಾತನ್ನು ನಗೆಯಾಡದೆ ಪರೀಕ್ಷಿಸೋಣ.

ಈ ಪತ್ರವು ವೈಟ್‌ಫೀಲ್ಡಿನಿಂದ ಬಂದಿರುವುದರಲ್ಲಿ ಒಂದು ಸೊಗಸು ಉಂಟು. ಇಂದು ಗಾಜಿನ ಸೌಧಗಳಿಂದ ತುಂಬಿರುವ ಆ ಪ್ರದೇಶವು ಮೊದಲು ಒಂದು ಬೇಸಾಯದ ವಸಾಹತು. ೧೮೮೨ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ೩,೯೦೦ ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ಮುಖಂಡರಾಗಿದ್ದ ಡೇವಿಡ್ ಎಮ್ಯಾನ್ಯುಯಲ್ ಸ್ಟಾರ್ಕನ್‌ಬರ್ಗ್ ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಅಲ್ಲಿದ್ದ ವೇವರ್ಲಿ ಇನ್ ಎಂಬ ವಸತಿಗೃಹಕ್ಕೆ ಬೆಂಗಳೂರು ದಂಡಿನಿಂದ ತರುಣ ಸೈನ್ಯಾಧಿಕಾರಿಯೊಬ್ಬನು ಬಂದು ಹೋಗುತ್ತಿದ್ದನೆಂದು ಊರಿನ ಹಳಬರ ಹೇಳಿಕೆ. ಆ ತರುಣನೇ ವಿನ್‌ಸ್ಟನ್ ಚರ್ಚಿಲ್. ಆ ಭೇಟಿಗಳು ಬಾಯಿಮಾತಿನ ಪರಂಪರೆಗೆ ಸೇರಿದವು. ಆದರೆ ಅವರು ನಾಲ್ಕನೆಯ ಹುಸ್ಸಾರ್ಸ್ ಅಶ್ವದಳದೊಡನೆ ೧೮೯೬ರಲ್ಲಿ ಬೆಂಗಳೂರಿಗೆ ಬಂದುದು, ಇಲ್ಲಿ ಗುಲಾಬಿ ಬೆಳೆಸಿ ಚಿಟ್ಟೆ ಹಿಡಿದು ಗ್ರಂಥಗಳನ್ನೋದಿದುದು, ಕಡೆಗೆ ಇಲ್ಲಿನ ಕ್ಲಬ್ಬಿನ ೧೮೯೯ರ ಲೆಕ್ಕದ ಪುಸ್ತಕದಲ್ಲಿ ೧೩ ರೂಪಾಯಿ ವಸೂಲಾಗದ ಬಾಕಿಯೆಂದು ದಾಖಲೆಯಾದುದು, ಇವೆಲ್ಲ ಚರಿತ್ರೆ. ಬೆಂಗಳೂರಿಗೆ ಬರುವ ಹಿಂದಿನ ವರ್ಷ, ೧೮೯೫ರ ನವೆಂಬರಿನಲ್ಲಿ, ಅವರು ಕ್ಯೂಬಾ ದ್ವೀಪದ ಯುದ್ಧವನ್ನು ನೋಡಲು ಹೋಗಿದ್ದರು. ಹವಾನಾ ಸಿಗಾರಿನ ಮೇಲಿನ ಅವರ ಒಲವು ಅಲ್ಲಿಂದಲೇ ಬಲಿತಿತೆಂದು ಹೇಳುತ್ತಾರೆ. ಮುಂದೆ ಏಳು ಅಂಗುಲ ಉದ್ದದ ಸಿಗಾರಿನ ಒಂದು ಅಳತೆಗೆ ‘ಚರ್ಚಿಲ್’ ಎಂದೇ ಹೆಸರಾಯಿತು. ಸಿಗಾರಿನ ದಪ್ಪವನ್ನು ಅಂಗುಲದ ಅರವತ್ತನಾಲ್ಕನೆಯ ಒಂದು ಭಾಗವನ್ನು ಮಾನವಾಗಿಟ್ಟುಕೊಂಡು ಎಣಿಸುವುದು ವಾಡಿಕೆ. ಚರ್ಚಿಲ್ ಅಳತೆಯ ದಪ್ಪ ೪೭, ಎಂದರೆ ಮುಕ್ಕಾಲು ಅಂಗುಲಕ್ಕೆ ಒಂದು ಭಾಗ ಕಡಿಮೆ. ‘ರೊಬುಸ್ಟೊ’ ಎಂಬ ಇನ್ನೊಂದು ಪ್ರಸಿದ್ಧ ಅಳತೆ ಐದು ಅಂಗುಲ ಉದ್ದ, ೫೦ ದಪ್ಪ.

ಇನ್ನು ವಸ್ತುವಿಗೆ ಬರೋಣ. ನಮ್ಮ ಹಳ್ಳಿಗಳಲ್ಲಿ ಮುದುಕರು ಸೇದುತ್ತಿದ್ದ ಚುಟ್ಟಕ್ಕೂ ಸಿಗಾರಿಗೂ ಕುಲ ಒಂದೇ. ಹೊಗೆಸೊಪ್ಪನ್ನು ಕಾಗದದಲ್ಲಿ ತುಂಬದೆ ಹೊಗೆಸೊಪ್ಪಿನಲ್ಲಿಯೇ ಸುತ್ತುವುದು ಎರಡರ ಲಕ್ಷಣ. ಇಂಗ್ಲಿಷರು ‘ಶೆರೂಟ್’ ಎಂದು ಕರೆಯುವ ಮಾತು ತಮಿಳಿನ ‘ಶುರುಟ್ಟು’ ಎಂಬುದರಿಂದ ಹೋದದ್ದು. ನಮ್ಮ ‘ಸುರುಟು’ ಎಂಬ ಧಾತುವನ್ನು ಬಲ್ಲವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುಚಿರಾಪಳ್ಳಿಯ ಚುಟ್ಟವಂತೂ ಒಂದು ಕಾಲಕ್ಕೆ ಲಂಡನ್ನಿನವರೆಗೆ ಹೆಸರಾಗಿತ್ತು. ೧೮೮೭ರಲ್ಲಿ ಅಚ್ಚಾದ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ, ನೆಲದ ಮೇಲೆ ಬಿದ್ದಿದ್ದ ಕಪ್ಪಗಿನ ಪದರುಪದರಾದ ಬೂದಿಯನ್ನು ಕಂಡು ಪತ್ತೇದಾರನು ಕೊಲೆಗಾರನು ಸೇದಿದ್ದುದು ತಿರುಚಿರಾಪಳ್ಳಿಯ ಚುಟ್ಟವೇ ಎಂದು ನಿರ್ಣಯಿಸುತ್ತಾನೆ.

ಒಳ್ಳೆಯ ಸಿಗಾರಿಗೆ ಮೂರು ಅಂಗಗಳು: ಒಳಗಿನ ತಿರುಳೆಲೆ, ತಿರುಳನ್ನು ಬಿಗಿಹಿಡಿಯುವ ಕಟ್ಟೆಲೆ, ಎಲ್ಲಕ್ಕೂ ಮೇಲೆ ಹೊದಿಸುವ ಹೊದಿಕೆಯೆಲೆ. ಅಗ್ಗದ ಮಾಲಿನಲ್ಲಿ ಚೂರುಚಾರು ಸೊಪ್ಪನ್ನು ತುಂಬಿರುತ್ತಾರೆ. ಉತ್ತಮ ದರ್ಜೆಯದರಲ್ಲಿ ತುದಿಯಿಂದ ತುದಿಯವರೆಗೆ ಉದ್ದನೆಯ ಎಲೆಗಳನ್ನೇ ಮಡಿಸಿ ಕೈಯಿಂದ ಸುತ್ತಿರುತ್ತಾರೆ. ಹೊದಿಕೆಯೆಲೆ ತೂಕದಲ್ಲಿ ಅತ್ಯಲ್ಪವಾದರೂ ಬೆಲೆಯಲ್ಲಿ ಮೇಲು. ಅದರಲ್ಲಿ ತೂತಾಗಲಿ ದಪ್ಪ ನರವಾಗಲಿ ಇರಕೂಡದು. ಅಮೆರಿಕದ ಕನೆಕ್ಟಿಕಟ್ ಕಣಿವೆಯಲ್ಲಿ ಬಿಸಿಲು ನೇರವಾಗಿ ತಾಗದಂತೆ ಹೊಲದ ಮೇಲೆಲ್ಲ ತೆಳು ಬಟ್ಟೆಯ ಚಪ್ಪರ ಹಾಕಿ ಅಂತಹ ಎಲೆಯನ್ನು ಬೆಳೆದರು.

ಸಹೋದರಿಯವರ ಮೊದಲನೆಯ ಪ್ರಶ್ನೆಗೆ ಉತ್ತರವು ಹೊಗೆಸೊಪ್ಪಿನ ಗಿಡದಲ್ಲಿಯೇ ಇದೆ. ಗಿಡದ ಬುಡದ ಎಲೆಗಳು ತೆಳು, ಸಪ್ಪೆ, ಬೇಗ ಉರಿಯುವವು. ಸ್ಪೇನಿನ ಮಾತಿನಲ್ಲಿ ಅವುಗಳಿಗೆ ‘ವೊಲಾದೊ’ ಎಂದು ಹೆಸರು. ನಡುವಿನ ಎಲೆ ‘ಸೆಕೊ’, ಪರಿಮಳಕ್ಕೆ ಪ್ರಧಾನ. ತುದಿಯ ಎಲೆ ‘ಲಿಹೆರೊ’. ಎಲ್ಲಕ್ಕಿಂತ ಹೆಚ್ಚು ಬಿಸಿಲುಂಡು ಎಲ್ಲಕ್ಕಿಂತ ಕಡೆಗೆ ಕೊಯ್ಯಿಸಿಕೊಳ್ಳುವುದರಿಂದ ಅದು ದಪ್ಪ, ಜಿಡ್ಡು, ಖಾರ. ಅದರಲ್ಲಿ ನಿಕೋಟಿನ್ ಹೆಚ್ಚು, ಉರಿಯುವುದು ನಿಧಾನ. ತಿರುಳಿನಲ್ಲಿ ಈ ಮೂರನ್ನು ಯಾವ ಪ್ರಮಾಣದಲ್ಲಿ ಕೂಡಿಸಿದ್ದಾರೆಂಬುದರ ಮೇಲೆ ಸಿಗಾರಿನ ಕಸುವು ನಿಲ್ಲುತ್ತದೆ. ತುದಿಯೆಲೆ ಇಲ್ಲದಿದ್ದರೆ ಮೃದು. ಧಾರಾಳವಾಗಿದ್ದರೆ ಪೂರ್ಣ. ನಡುವೆ ನಿಂತು ಪೂರ್ಣದ ಕಡೆಗೆ ವಾಲಿದುದು ‘ಮೀಡಿಯಂ-ಫುಲ್’. ಇದನ್ನು ಅಳೆಯುವ ಸರಕಾರಿ ತಕ್ಕಡಿಯೇನೂ ಇಲ್ಲ. ಅದು ತಯಾರಕರ ಮತ್ತು ಸೇದುವವರ ಅಂದಾಜಿನ ಮಾತು. ಹೊದಿಕೆ ಕಪ್ಪಗಿದ್ದರೆ ಕಸುವು ಹೆಚ್ಚೆಂಬ ನಂಬಿಕೆಯೂ ಸರಿಯಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕಸುವು ಬೇರೆ, ಮೈ ಬೇರೆ. ಕಸುವು ತಲೆಗೆ ತಿಳಿಯುವುದು, ಮೈ ಬಾಯಿಗೆ ತಿಳಿಯುವುದು. ರೊಬಸ್ಟಾ ಕಾಫಿಯಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಇದ್ದರೂ ಪರಿಮಳದಲ್ಲಿ ಅರೇಬಿಕಾವೇ ಮೇಲಾಗಿರುವಂತೆ, ಇಲ್ಲಿಯೂ ತಲೆಗೇರುವುದೆಲ್ಲ ರುಚಿಯಲ್ಲ.

ಹೊಗೆಸೊಪ್ಪು ಎಂದೊಡನೆ ನಮ್ಮ ಮೈಸೂರು ಸೀಮೆಯವರಿಗೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ನೆನಪಿಗೆ ಬರುವುದು ಸಹಜ. ಅಲ್ಲಿನ ಕೆಂಪು ಮರಳುಮಿಶ್ರಿತ ಹೊಲಗಳಲ್ಲಿ ಮಳೆಗಾಲದ ಬೆಳೆಯಾಗಿ ಬರುವ ವರ್ಜೀನಿಯಾ ಸೊಪ್ಪು ಸಿಗರೇಟಿಗಾಗಿ ದೇಶವಿದೇಶಗಳಿಗೆ ಹೋಗುತ್ತದೆ. ತಂಬಾಕು ಮಂಡಳಿಯವರು ೧೯೮೪ರಲ್ಲಿ ಹರಾಜಿನ ಪದ್ಧತಿಯನ್ನು ಮೊದಲು ಆರಂಭಿಸಿದುದೂ ನಮ್ಮ ರಾಜ್ಯದಲ್ಲಿಯೇ. ಆದರೆ ಆ ಎಲೆಯಿಂದ ಸಿಗಾರು ಆಗದು. ಏಕೆಂದರೆ ಹುಣಸೂರಿನ ರೈತರು ಹಸಿ ಎಲೆಯನ್ನು ಬ್ಯಾರನ್ ಎಂಬ ಎತ್ತರದ ಮನೆಯಲ್ಲಿ ತೂಗುಹಾಕಿ, ಸೌದೆಯುರಿಯ ಬಿಸಿಯನ್ನು ಕೊಳವೆಗಳ ಮೂಲಕ ಹಾಯಿಸಿ, ವಾರದೊಳಗಾಗಿ ಹದಮಾಡುತ್ತಾರೆ. ಎಲೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಅದರ ಸಕ್ಕರೆ ಅದರಲ್ಲಿಯೇ ಉಳಿಯುತ್ತದೆ. ಸಿಗಾರಿನ ಎಲೆಯ ದಾರಿ ಬೇರೆ. ಅದನ್ನು ನೆರಳಿನ ಗಾಳಿಯಲ್ಲಿ ಒಂದೂವರೆ ಎರಡು ತಿಂಗಳು ತೂಗುಹಾಕುತ್ತಾರೆ. ಅಷ್ಟರಲ್ಲಿ ಎಲೆಯೊಳಗಿನ ಸಕ್ಕರೆಯ ಬಹುಭಾಗ ಕರಗಿಹೋಗಿ ಬಣ್ಣ ಕಂದಾಗುತ್ತದೆ. ಬಳಿಕ ತೇವ ಕೊಟ್ಟು ದೊಡ್ಡ ಮೆದೆಗಳಾಗಿ ಒಟ್ಟುತ್ತಾರೆ. ಒದ್ದೆ ಹುಲ್ಲಿನ ಬಣವೆಯೊಳಗೆ ಕೈಯಿಟ್ಟು ನೋಡಿದವರಿಗೆ ಅಲ್ಲಿ ಏನಾಗುವುದೆಂದು ಗೊತ್ತು. ಮೆದೆ ತಾನಾಗಿಯೇ ಕಾಯುತ್ತದೆ, ಅಮೋನಿಯದ ಕಟುವಾಸನೆ ಹೊರಬೀಳುತ್ತದೆ. ಕಾವು ಮಿತಿಮೀರುವ ಮುನ್ನ ಮೆದೆಯನ್ನು ಕಿತ್ತು, ಒಳಗಿನದನ್ನು ಹೊರಗೂ ಹೊರಗಿನದನ್ನು ಒಳಗೂ ಮಾಡಿ ಮತ್ತೆ ಒಟ್ಟಬೇಕು. ಹೀಗೆ ಹಲವು ಸಲ ಹುಳಿತು, ಆಮೇಲೆ ವರ್ಷಗಟ್ಟಲೆ ಮಾಗಿದ ಎಲೆಯೇ ಕೈಗೆ ಬರುವುದು. ಕ್ಯೂಬಾ, ನಿಕರಾಗುವ, ಹೊಂಡುರಾಸ್, ಡೊಮಿನಿಕನ್ ಗಣರಾಜ್ಯಗಳಲ್ಲಿ ಈ ಕೆಲಸಕ್ಕೆ ನುರಿತ ಸಹಸ್ರಾರು ಕೈಗಳಿವೆ. ಸಿಗಾರಿನಲ್ಲಿ ಮೆಚ್ಚತಕ್ಕ ಕಲೆ ಯಾವುದೆಂದು ಕೇಳಿದರೆ, ಮೊದಲನೆಯದಾಗಿ ಈ ಕೆಲಸಗಾರರದೆಂದೇ ಹೇಳಬೇಕು.

ಈ ಹದದ ವ್ಯತ್ಯಾಸದಿಂದ ಒಂದು ಮಹತ್ತ್ವದ ಪರಿಣಾಮವುಂಟಾಗುತ್ತದೆ. ಸಿಗರೇಟಿನ ಹೊಗೆ ಸ್ವಲ್ಪ ಆಮ್ಲಗುಣದ್ದು. ಅದರ ನಿಕೋಟಿನ್ ದೇಹಕ್ಕೆ ಚೆನ್ನಾಗಿ ಸೇರಬೇಕಾದರೆ ಹೊಗೆ ಶ್ವಾಸಕೋಶಕ್ಕೆ ಇಳಿಯಬೇಕು. ಸಿಗಾರಿನ ಹೊಗೆ ಕ್ಷಾರಗುಣದ್ದು. ಅದು ಬಾಯಿಯ ತೆಳು ಚರ್ಮದ ಮೂಲಕವೇ ರಕ್ತಕ್ಕೆ ಹೋಗುತ್ತದೆ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವವರು ಅದಕ್ಕೆ ಸುಣ್ಣ ತಿಕ್ಕುವುದನ್ನು ನಾವೆಲ್ಲ ಕಂಡಿದ್ದೇವೆ. ಸುಣ್ಣವೂ ಕ್ಷಾರವೇ, ಅದು ಮಾಡುವ ಕೆಲಸವೂ ಇದೇ. ಆದ್ದರಿಂದ “ನಾನು ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇನೆ” ಎಂಬ ಸಿಗಾರುಪ್ರಿಯರ ಮಾತು ಸತ್ಯವಾದರೂ, ಅದರಿಂದ ನಿಕೋಟಿನ್ ಮೈಗೆ ಹತ್ತುವುದಿಲ್ಲವೆಂಬ ತೀರ್ಮಾನ ಮಾತ್ರ ಸತ್ಯವಲ್ಲ.

ಇನ್ನು ರುಚಿ ನೋಡುವ ಕ್ರಮ. ಬಲ್ಲವರು ಬೆಂಕಿ ಹಚ್ಚುವ ಮೊದಲೇ ಅರ್ಧ ಪರೀಕ್ಷೆಯನ್ನು ಮುಗಿಸುತ್ತಾರೆ. ಹೊದಿಕೆಯೆಲೆ ಹೊಳಪಾಗಿ ನುಣುಪಾಗಿರಬೇಕು. ಬೆರಳುಗಳ ನಡುವೆ ಮೆಲ್ಲನೆ ಒತ್ತಿದರೆ ಹದವಾದ ರೊಟ್ಟಿಯಂತೆ ಬಳುಕಿ ಮತ್ತೆ ಮೊದಲಿನಂತಾಗಬೇಕು. ಗಟ್ಟಿಯಾದ ಗಂಟಾಗಲಿ ಪೊಳ್ಳಾಗಲಿ ಇರಕೂಡದು. ಬಳಿಕ ಮೂಗಿನ ಸರದಿ. ಒಳ್ಳೆಯ ಎಲೆಯಲ್ಲಿ ಒಣಹುಲ್ಲು, ದೇವದಾರು, ಕೊಟ್ಟಿಗೆಯ ಮಣ್ಣು, ಒಮ್ಮೊಮ್ಮೆ ಕೋಕೋ ಬೀಜದ ವಾಸನೆ. ಆಮೇಲೆ ಮುಚ್ಚಿದ ತುದಿಯ ಟೋಪಿಯನ್ನು ಹರಿತವಾದ ಅಲಗಿನಿಂದ ಎರಡು ಮಿಲಿಮೀಟರಿನಷ್ಟು ಮಾತ್ರ ಕತ್ತರಿಸಬೇಕು. ಹೆಚ್ಚು ಕತ್ತರಿಸಿದರೆ ಸುತ್ತಿದುದೆಲ್ಲ ಬಿಚ್ಚಿಕೊಳ್ಳುವುದು. ಕಡ್ಡಿಯ ಗಂಧಕ ಪೂರ್ತಿ ಉರಿದುಹೋದ ಮೇಲೆ, ಜ್ವಾಲೆಯನ್ನು ತಾಗಿಸದೆ ಅದರ ಮೇಲಿನ ಬಿಸಿಯಲ್ಲಿ ತುದಿಯನ್ನು ತಿರುಗಿಸುತ್ತ, ಹಪ್ಪಳ ಸುಡುವ ಎಚ್ಚರದಿಂದ ಸುತ್ತಲೂ ಸಮನಾಗಿ ಕೆಂಪಗೆ ಮಾಡಬೇಕು.

ಅನಂತರ ಆತುರ ಸಲ್ಲದು. ನಿಮಿಷಕ್ಕೊಂದು ಎಳೆತ ಸಾಕು. ಬೇಗಬೇಗನೆ ಎಳೆದರೆ ಒಳಗೆ ಕಾವೇರಿ ಹೊಗೆ ಕಹಿಯಾಗುತ್ತದೆ. ಹಾಲನ್ನು ದೊಡ್ಡ ಉರಿಯಲ್ಲಿಟ್ಟು ಸೀಯಿಸಿದಂತೆಯೇ ಇದು. ಸಿಗಾರಿನ ಉದ್ದವನ್ನು ಮೂರು ಪಾಲು ಮಾಡಿ ಹೇಳುವುದು ರೂಢಿ. ಮೊದಲ ಪಾಲಿನಲ್ಲಿ ಮೆಣಸಿನ ಖಾರವೂ ಒಣಮರದ ವಾಸನೆಯೂ ಮುಂದಾಗಿರುತ್ತವೆ. ನಡುವಿನ ಪಾಲಿನಲ್ಲಿ ಖಾರ ತಗ್ಗಿ ಹುರಿದ ಕಾಫಿ, ಕೋಕೋ, ಹದಮಾಡಿದ ತೊಗಲು ಮೊದಲಾದ ವಾಸನೆಗಳು ತೋರುತ್ತವೆ. ಮೀಡಿಯಂ-ಫುಲ್ ದರ್ಜೆಯ ಗುಣವೆಲ್ಲ ಇರುವುದು ಈ ನಡುಭಾಗದಲ್ಲಿ. ಕಡೆಯ ಪಾಲಿನಲ್ಲಿ ಕಾವೂ ಜಿಡ್ಡೂ ಸಂಗ್ರಹವಾಗಿ ಕಸುವು ಏರುತ್ತದೆ, ರುಚಿ ಕಹಿಯ ಕಡೆಗೆ ಇಳಿಯುತ್ತದೆ. ಇವೆಲ್ಲ ನಾಲಗೆಯ ರುಚಿಗಳಲ್ಲವೆಂಬುದನ್ನು ನೆನಪಿಡಬೇಕು. ನಮ್ಮವರು ಎಣಿಸಿದ ಷಡ್ರಸಗಳಲ್ಲಿ ಸಿಗಾರಿನಿಂದ ನಾಲಗೆಗೆ ಸಿಗುವುದು ಹೆಚ್ಚಾಗಿ ಕಹಿ, ಖಾರ, ಒಗರು, ಎಲ್ಲೋ ಒಂದಿಷ್ಟು ಸಿಹಿ. ಮಿಕ್ಕದ್ದೆಲ್ಲ ಗಂಟಲ ಹಿಂಬದಿಯಿಂದ ಮೂಗಿಗೇರುವ ಪರಿಮಳ. ಬೂದಿಯೂ ಒಂದು ಸಾಕ್ಷಿ. ಉದ್ದನೆಯ ಎಲೆಗಳಿಂದ ಚೆನ್ನಾಗಿ ಸುತ್ತಿದ ಸಿಗಾರಿನ ಬೂದಿ ಒಂದಂಗುಲದವರೆಗೂ ಉದುರದೆ ನಿಲ್ಲುತ್ತದೆ. ಒಂದು ದೊಡ್ಡ ಸಿಗಾರು ಮುಗಿಯಲು ಒಂದು ಗಂಟೆಯ ಮೇಲಾಗುತ್ತದೆ. ಸಾಕೆನಿಸಿದಾಗ ಅದನ್ನು ಹೊಸಕಿ ಆರಿಸುವುದಿಲ್ಲ, ಹಾಗೆಯೇ ಬಿಟ್ಟರೆ ತಾನಾಗಿ ಆರುತ್ತದೆ. ಬರಿಯ ಹೊಟ್ಟೆಯಲ್ಲಿ ಸೇದಿದವರಿಗೆ ತಲೆಸುತ್ತು, ಓಕರಿಕೆ, ತಣ್ಣನೆಯ ಬೆವರು ಬರುವುದುಂಟು. ಅದು ಅನುಭವ ಸಾಲದ್ದರ ಗುರುತಲ್ಲ, ನಿಕೋಟಿನ್ ವಿಷವು ಮಿತಿಮೀರಿ ಮೈಗೇರಿದುದರ ಗುರುತು.

ಎರಡನೆಯ ಪ್ರಶ್ನೆಗೆ, ಎಂದರೆ ಪೆಟ್ಟಿಗೆಯನ್ನು ಎಲ್ಲಿಡಬೇಕೆಂಬುದಕ್ಕೆ, ಗೃಹಿಣಿಯರ ಅನುಭವದಿಂದಲೇ ಉತ್ತರ ದೊರೆಯುತ್ತದೆ. ಸಿಗಾರಿಗೆ ಶೇಕಡ ೬೫ರಿಂದ ೭೦ರವರೆಗೆ ತೇವಾಂಶವೂ ಸುಮಾರು ೧೮ರಿಂದ ೨೧ ಡಿಗ್ರಿ ಉಷ್ಣತೆಯೂ ಹಿತ. ಬೆಂಗಳೂರಿನ ಹವೆ ಮನುಷ್ಯರಿಗೆ ಎಷ್ಟು ಹಿತವೋ ಸಿಗಾರಿಗೆ ಅಷ್ಟು ಹಿತವಲ್ಲ. ಫಾಲ್ಗುಣ ಚೈತ್ರಗಳ ಮಧ್ಯಾಹ್ನದಲ್ಲಿ ಎಲೆ ಒಣಗಿ ಬಿರಿಯುತ್ತದೆ, ಶ್ರಾವಣದಲ್ಲಿ ಬೂಸಲು ಹಿಡಿಯುತ್ತದೆ. ಆದ್ದರಿಂದಲೇ ಮರದ ಹಲಗೆಯಿಂದ ಒಳಮೈ ಮಾಡಿದ, ತೇವವನ್ನು ಕಾಯ್ದುಕೊಳ್ಳುವ ಬಿಗಿಯಾದ ಪೆಟ್ಟಿಗೆ ಬೇಕಾಗುವುದು. ಉಗ್ರಾಣದಲ್ಲಂತೂ ಇಡಲೇಬಾರದು. ನಮ್ಮ ಧನಿಯ, ಮೆಣಸಿನಪುಡಿ, ಅರಿಸಿನಗಳಲ್ಲಿ ಕಾಣಿಸಿಕೊಳ್ಳುವ ಎರಡು ಮೂರು ಮಿಲಿಮೀಟರಿನ ಕಂದು ಬಣ್ಣದ ಸಣ್ಣ ಹುಳುವನ್ನು ಎಲ್ಲರೂ ಬಲ್ಲರು. ಅದರ ಹೆಸರೇ ಹೊಗೆಸೊಪ್ಪಿನ ದುಂಬಿ. ಹವೆ ೨೪–೨೫ ಡಿಗ್ರಿಗಿಂತ ಬೆಚ್ಚಗಾದರೆ ಅದರ ಮೊಟ್ಟೆಯೊಡೆದು ಸಿಗಾರನ್ನು ಕೊಳಲಿನಂತೆ ತೂತುಮಾಡುತ್ತದೆ. ಡಬ್ಬಿಯಿಂದ ಪೆಟ್ಟಿಗೆಗೂ ಪೆಟ್ಟಿಗೆಯಿಂದ ಡಬ್ಬಿಗೂ ದಾಟಲು ಅದಕ್ಕೆ ಯಾರ ಅಪ್ಪಣೆಯೂ ಬೇಡ. ಇದಕ್ಕಿಂತ ದೊಡ್ಡ ಮಾತೊಂದಿದೆ. ಮಗು ಅಂಬೆಗಾಲಿಡುವ ದಿನ ದೂರವಿಲ್ಲ. ಸಿಗಾರಿನ ಒಂದು ತುಂಡನ್ನು ಕೂಸು ಬಾಯಿಗೆ ಹಾಕಿಕೊಂಡರೂ ಪ್ರಾಣಾಪಾಯ ಉಂಟು. ಆದಕಾರಣ ಪೆಟ್ಟಿಗೆ ಬೀಗದೊಳಗಿರಲಿ, ಎತ್ತರದಲ್ಲಿರಲಿ, ಸೇದಿ ಬಿಟ್ಟ ಮೋಟು ಕೂಡಲೇ ಕಸಕ್ಕೆ ಹೋಗಲಿ.

ಈಗ ಮೂರನೆಯ ಪ್ರಶ್ನೆ. ಮೊದಲು ಲೆಕ್ಕವನ್ನು ನೋಡೋಣ. ಸಿಗರೇಟೊಂದರಲ್ಲಿ ಒಂದು ಗ್ರಾಮಿಗಿಂತ ಕಡಿಮೆ ಹೊಗೆಸೊಪ್ಪಿರುತ್ತದೆ. ದೊಡ್ಡ ಸಿಗಾರಿನಲ್ಲಿ ೫ರಿಂದ ೧೭ ಗ್ರಾಂವರೆಗೆ ಇರುವುದುಂಟು, ಎಂದರೆ ಒಂದೇ ಸಿಗಾರು ಒಂದು ಪೊಟ್ಟಣ ಸಿಗರೇಟಿಗೆ ಸಮನಾಗಬಹುದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ೧೯೯೮ರಲ್ಲಿ ಸಿಗಾರನ್ನು ಕುರಿತೇ ಒಂದು ಪ್ರತ್ಯೇಕ ಗ್ರಂಥವನ್ನು ಹೊರಡಿಸಿ, ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿಗೆ ಅದು ಕಾರಣವಾಗುವುದನ್ನು ವಿವರಿಸಿದರು. ಹೊಗೆಯನ್ನು ಒಳಗೆಳೆಯದವರಿಗೂ ಬಾಯಿ ಗಂಟಲುಗಳ ಅಪಾಯ ತಪ್ಪಿದ್ದಲ್ಲ. ಸೇದುವವನಿಗಿಂತ ಮನೆಯವರ ಪಾಡು ಇನ್ನೂ ಶೋಚನೀಯ. ಸೇದುವವನು ಪರಿಮಳವನ್ನಾದರೂ ಪಡೆಯುತ್ತಾನೆ. ಗಂಟೆಗಟ್ಟಲೆ ಉರಿಯುವ ತುದಿಯ ಹೊಗೆಯನ್ನು ಬಾಣಂತಿಯೂ ಕೂಸೂ ಸುಮ್ಮನೆ ಕುಡಿಯಬೇಕು. ಕಿಟಕಿ ತೆರೆದರೆ ಸಾಲದು, ಮೊಗಸಾಲೆಗೆ ಹೋದರೆ ಮೇಲಿನ ಅಂತಸ್ತಿನವರ ಮನೆಗೆ ಹೊಗೆ ಹೋಗುತ್ತದೆ, ಪರದೆ ಹಾಸಿಗೆಗಳಲ್ಲಿ ಅದರ ಅಂಟು ಉಳಿಯುತ್ತದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ೨೦೦೮ರ ಅಕ್ಟೋಬರ್ ೨ರಿಂದ ದೇಶವೆಲ್ಲ ನಿಷೇಧಿಸಿದೆ. ೨೦೨೫ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯಂತೆ ೨೧ ವರ್ಷ ತುಂಬದವರಿಗೆ ಹೊಗೆಸೊಪ್ಪಿನ ಯಾವ ಪದಾರ್ಥವನ್ನೂ ಮಾರಕೂಡದು. ಮನೆಯೊಳಗಿನ ಕೂಸಿಗೆ ಮಾತ್ರ ಕಾನೂನಿನ ಕಾವಲಿಲ್ಲ, ಹಿರಿಯರ ವಿವೇಕವೇ ಕಾವಲು.

“ಚರ್ಚಿಲ್ ತೊಂಬತ್ತು ವರ್ಷ ಬದುಕಲಿಲ್ಲವೆ?” ಎಂದು ಕೇಳುವವರುಂಟು. ಬದುಕಿದರು, ನಿಜ. ಆದರೆ ಒಬ್ಬನು ತುಂಬಿದ ಹೊಳೆಯನ್ನು ಕುಡಿದ ಮತ್ತಿನಲ್ಲಿ ದಾಟಿದನೆಂದು ಆ ಹೊಳೆಗೆ ಸೇತುವೆ ಬೇಡವೆನ್ನಲಾಗುವುದೆ? ಅವರ ಸಮಕಾಲೀನರಾದ ಇನ್ನೊಬ್ಬ ಮಹನೀಯರನ್ನು ಪಕ್ಕದಲ್ಲಿಟ್ಟು ನೋಡಬೇಕು. ಮನುಷ್ಯನ ಮನಸ್ಸಿನ ಆಳವನ್ನೂ ಆಸೆಗಳ ಕಪಟವನ್ನೂ ಶೋಧಿಸಿದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡರು ದಿನಕ್ಕೆ ಸುಮಾರು ಇಪ್ಪತ್ತು ಸಿಗಾರು ಸೇದುತ್ತಿದ್ದರು. ೧೯೨೩ರಲ್ಲಿ ಅವರ ಬಾಯಲ್ಲಿ ಕ್ಯಾನ್ಸರು ಕಾಣಿಸಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ದವಡೆಯ ಭಾಗವನ್ನು ತೆಗೆದು ಕೃತಕ ಅಂಗವನ್ನು ಅಳವಡಿಸಿದರು, ಮಾತನಾಡುವುದೂ ಉಣ್ಣುವುದೂ ಹಿಂಸೆಯಾಯಿತು. ಆದರೂ ಅವರು ಸಿಗಾರನ್ನು ಬಿಡಲಾರದೆ ಹೋದರು. ೧೯೩೯ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅಂತಹ ಜ್ಞಾನಿಗೆ ಸಿಗಾರಿನ ಗುಣದೋಷ ತಿಳಿಯದೆ ಇರಲಿಲ್ಲ. ತಿಳಿವಳಿಕೆ ಒಂದು ಕಡೆ ನಿಂತಿತು, ಕೈ ಇನ್ನೊಂದು ಕಡೆ ಚಾಚಿತು.

ನಮ್ಮ ನಾಡಿಗೆ ಸೇರಿದ ಬೇರೊಂದು ಕಥೆಯೂ ಉಂಟು. ಅಕ್ಬರ್ ಬಾದಷಹನ ರಾಯಭಾರಿಯಾಗಿ ವಿಜಾಪುರಕ್ಕೆ (ಈಗಿನ ವಿಜಯಪುರಕ್ಕೆ) ಬಂದಿದ್ದ ಅಸದ್ ಬೇಗ್ ಎಂಬವನು ೧೬೦೪ರ ಸುಮಾರಿನಲ್ಲಿ ಅಲ್ಲಿ ಮೊದಲ ಸಲ ಹೊಗೆಸೊಪ್ಪನ್ನು ಕಂಡನು. ಉತ್ತರ ದೇಶದಲ್ಲಿ ಅಂತಹುದನ್ನು ಅವನು ನೋಡಿರಲಿಲ್ಲ. ಆದಿಲ್ ಷಾಹಿ ಸುಲ್ತಾನನು ತನಗೆ ಕೊಟ್ಟಿದ್ದ ಸುಂದರವಾದ ಎಲೆಯಡಿಕೆಯ ಚೀಲದಲ್ಲಿ ಉತ್ತಮವಾದ ಹೊಗೆಸೊಪ್ಪನ್ನು ತುಂಬಿಕೊಂಡು, ರತ್ನ ಕೆತ್ತಿಸಿದ ಕೊಳವೆಯೊಂದನ್ನು ಸಿದ್ಧಮಾಡಿಸಿ, ಆಗ್ರಾಕ್ಕೆ ಒಯ್ದು ಬಾದಷಹನ ಮುಂದಿಟ್ಟನು. ಅಕ್ಬರನು ಕುತೂಹಲದಿಂದ ಕೊಳವೆಯನ್ನು ಬಾಯಿಗಿಟ್ಟು ಎರಡು ಮೂರು ಸಲ ಎಳೆದನು. ಆಸ್ಥಾನದ ಹಕೀಮನು ಕಳವಳಗೊಂಡು, ನಮ್ಮ ಗ್ರಂಥಗಳಲ್ಲಿಲ್ಲದ ಪರೀಕ್ಷೆಯಾಗದ ವಸ್ತು ಇದೆಂದು ತಡೆದನು. ಅಸದ್ ಬೇಗನು ಚತುರ. ಜಗತ್ತಿನ ಪ್ರತಿಯೊಂದು ಪದ್ಧತಿಯೂ ಒಂದು ದಿನ ಹೊಸದೇ ಆಗಿತ್ತಲ್ಲವೇ ಎಂದು ವಾದಿಸಿದನು. ಬಾದಷಹನು ಆ ವಾದವನ್ನು ಮೆಚ್ಚಿಕೊಂಡನು, ಆದರೆ ಸೇದುವ ಅಭ್ಯಾಸವನ್ನು ಮಾತ್ರ ಹಿಡಿಯಲಿಲ್ಲ. ಅಮೀರರು ಹಿಡಿದರು, ವರ್ತಕರು ಮಾರಲು ತೊಡಗಿದರು. ೧೬೧೭ರಲ್ಲಿ ಜಹಾಂಗೀರನು ನಿಷೇಧದ ಅಪ್ಪಣೆ ಹೊರಡಿಸುವ ಹೊತ್ತಿಗೆ ಅದು ದೇಶದಲ್ಲೆಲ್ಲ ಬೇರುಬಿಟ್ಟಿತ್ತು.

ಇದರಿಂದ ನಮಗೆ ತಿಳಿದುಬರುವುದು ಇಷ್ಟು. ರುಚಿ ನೋಡುವುದು ಕಲೆಯೆಂಬ ಅಳಿಯಂದಿರ ಮಾತು ಸುಳ್ಳಲ್ಲ. ಎಲೆಯ ಜಾತಿ, 모ದೆಯ ಕಾವು, ಸುತ್ತಿದ ಕೈಯ ನಯ ಇವುಗಳನ್ನು ಗುರುತಿಸುವುದಕ್ಕೆ ಅಭ್ಯಾಸವೂ ಏಕಾಗ್ರತೆಯೂ ಬೇಕು. ಆದರೆ ಕಾಫಿಯ ಪರೀಕ್ಷಕನು ಗುಟುಕನ್ನು ಬಾಯಲ್ಲಿ ತಿರುಗಿಸಿ ಉಗುಳಿ ತನ್ನ ತೀರ್ಪನ್ನು ಬರೆಯುತ್ತಾನೆ. ಅವನ ಕಲೆಗೆ ಕುಡಿಯುವುದು ಅವಶ್ಯವಲ್ಲ. ಸಿಗಾರಿನಲ್ಲಿ ಉಗುಳುವ ಉಪಾಯವಿಲ್ಲ. ಬಾಯಿಗೆ ಬಂದಷ್ಟೂ ರಕ್ತಕ್ಕೆ ಲೆಕ್ಕ. ಇದಕ್ಕಿಂತ ಕಷ್ಟದ ವಿಷಯವೆಂದರೆ, ನಿಕೋಟಿನ್ ಎಂಬುದು ತೀರ್ಪುಗಾರನನ್ನೇ ಲಂಚಕ್ಕೊಳಪಡಿಸುವ ಪದಾರ್ಥ. ಇಂದಿನ ಸಿಗಾರು ಸೊಗಸಾಗಿತ್ತೆಂದು ಹೇಳುತ್ತಿರುವುದು ರಸಜ್ಞತೆಯೋ ನಿಕೋಟಿನ್ನಿನ ಹಸಿವೋ ಎಂಬುದನ್ನು ಸೇದುವವನ ನಾಲಗೆ ತಾನಾಗಿ ಹೇಳಲಾರದು. ಆದ್ದರಿಂದ ನಾಲಗೆಯನ್ನು ಕೇಳದೆ ಪಂಚಾಂಗವನ್ನು ಕೇಳಬೇಕು. ಮೊದಲ ಸಿಗಾರಿಗೂ ಎರಡನೆಯದಕ್ಕೂ ನಡುವೆ ಎಷ್ಟು ದಿನ ಕಳೆದವು? ಎರಡನೆಯದಕ್ಕೂ ಮೂರನೆಯದಕ್ಕೂ ಎಷ್ಟು? ಆ ಅಂತರ ಕಿರಿದಾಗುತ್ತ ಬಂದಿದ್ದರೆ, ಹೊದಿಕೆಯೆಲೆ ಎಷ್ಟೇ ನುಣುಪಾಗಿರಲಿ, ಒಳಗಿರುವುದು ಚಟವೇ. ಕಡೆಯ ಪಾಲು ಕಹಿಯೆಂದು ತಿಳಿದೂ ಅದನ್ನು ಕೆಳಗಿಡಲು ಮನಸ್ಸು ಬಾರದಿದ್ದರೂ ಅದೇ ತೀರ್ಪು.

ಸಹೋದರಿಯವರು ಅಳಿಯಂದಿರೊಡನೆ ಜಗಳಕ್ಕೆ ನಿಲ್ಲಬೇಕಾಗಿಲ್ಲ. ಉಡುಗೊರೆಯನ್ನು ಉಡುಗೊರೆಯಾಗಿಯೇ ಗೌರವಿಸಿ, ಈ ಪುಟವನ್ನು ಅವರ ಕೈಗೆ ಕೊಟ್ಟರೆ ಸಾಕು. ಅವರು ವಿದ್ಯಾವಂತರು, ಲೆಕ್ಕ ಬಲ್ಲವರು. ಮಗುವಿರುವ ಮನೆಯೊಳಗಾಗಲಿ ಮೊಗಸಾಲೆಯಲ್ಲಾಗಲಿ ಹಚ್ಚುವುದಿಲ್ಲವೆಂದು ಅವರು ಒಪ್ಪುವುದು ಮೊದಲನೆಯ ಹೆಜ್ಜೆ. ಎಂದಾದರೂ ಹೊರಗೆ ಸೇದಿ ಬಂದರೆ, ಸ್ನಾನಮಾಡಿ ಬಟ್ಟೆ ಬದಲಿಸಿದ ಮೇಲೆಯೇ ಕೂಸನ್ನು ಎತ್ತಿಕೊಳ್ಳುವುದು ಎರಡನೆಯದು. ಪ್ರತಿ ಸಿಗಾರಿನ ದಿನಾಂಕವನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡುವುದು ಮೂರನೆಯದು. ಆ ಪಟ್ಟಿಯನ್ನು ಬೇರೆ ಯಾರೂ ನೋಡಬೇಕಾಗಿಲ್ಲ. ಪೆಟ್ಟಿಗೆಯನ್ನು ಮುಚ್ಚಿ ಇನ್ನು ತೆರೆಯದೆ ಇರುವುದು ಎಲ್ಲಕ್ಕಿಂತ ಕ್ಷೇಮವೆಂಬುದರಲ್ಲಿ ಸಂದೇಹವಿಲ್ಲ. ಹಾಗೆ ಮುಚ್ಚುವವರು ಕಲೆಯನ್ನು ಕಳೆದುಕೊಂಡೆವೆಂದು ಕೊರಗಬೇಕಾಗಿಯೂ ಇಲ್ಲ. ಮೂಗು, ನಾಲಗೆ, ತಾಳ್ಮೆ ಇವು ಮೂರೂ ಅವರ ಬಳಿಯೇ ಉಳಿದಿರುತ್ತವೆ, ಮತ್ತು ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಅವುಗಳಿಗೆ ತಕ್ಕ ಬೀಜ ಇನ್ನೂ ಬೆಳೆಯುತ್ತಿದೆ.